ಏಳು ದ್ವೀಪಗಳಿಗೆ ಒಂದು ಬಾರೋಮೀಟರ್

ಕ್ರಮಬದ್ಧವಾಗಿ ಕೆಲಸ ಮಾಡುವವರಿಗೇ ಇಂಥ ಪ್ರಸಂಗಗಳು ಎದುರಾಗುತ್ತವೆ ಎಂಬುದನ್ನು ನಾನು ಬಹಳ ವರ್ಷಗಳಿಂದ ಗಮನಿಸಿದ್ದೇನೆ. ಅಡ್ಡಾದಿಡ್ಡಿ ಕೆಲಸ ಮಾಡುವವರಿಗೆ ಎಲ್ಲ ದಿನವೂ ಒಂದೇ ತರಹ ಇರುವುದರಿಂದ ಎಡವಟ್ಟು ಯಾವುದು, ಕೆಲಸ ಯಾವುದು ಎಂದು ಗೊತ್ತಾಗುವುದೇ ಇಲ್ಲ.

ನಮ್ಮ ಮನೆಯವರು, ಜರ್ಮನಿ ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೆ ಬಂದು ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಬರೆಯುತ್ತಿದ್ದರು. ನಾನು ಧಾರವಾಡದಲ್ಲಿ, ನಾನೇ ಓದಿದ ಕಾನ್ವೆಂಟಿನ ಕಚೇರಿಯನ್ನು ಹದಿನೇಳು ವರ್ಷ ನಡೆಸಿದವಳು. ಕೆಲಸದ ಪರವಾನಗಿಗಾಗಿ ಕಾದು ಕಾದು, ಕೊನೆಗೆ ಸ್ಟಟ್‌ಗಾರ್ಟಿನ ಒಂದು ಸಣ್ಣ ಕಚೇರಿಯಲ್ಲಿ ಸೇರಿಕೊಂಡೆ. ಪೆಸಿಫಿಕ್ ಸಾಗರದ ಏಳು ದ್ವೀಪಗಳ ಹವಾಮಾನ ಕಚೇರಿಗಳು ಉಪಕರಣಗಳನ್ನೂ ಮುನ್ಸೂಚನೆಗಳನ್ನೂ ಪರಸ್ಪರ ಹಂಚಿಕೊಳ್ಳುವಂತೆ ಮಾಡುವುದು ಆ ಕಚೇರಿಯ ಕೆಲಸ. ಸಮುದ್ರವೇ ಕಣ್ಣಿಗೆ ಬೀಳದ ಊರಿನಲ್ಲಿ ಕೂತು ನಾವು ಮೂವರು ಇದನ್ನು ಮಾಡುತ್ತಿದ್ದೆವು: ಹವಾಮಾನದಲ್ಲಿ ಡಾಕ್ಟರೇಟ್ ಮಾಡಿದ ಜರ್ಮನ್ ಮುಖ್ಯಸ್ಥರು, ಕಂಪ್ಯೂಟರ್ ನೋಡಿಕೊಳ್ಳುವ ಬೆಂಗಳೂರಿನ ಇಂಜಿನಿಯರ್, ಇಂಗ್ಲಿಷ್ ಪತ್ರವ್ಯವಹಾರಕ್ಕೆ ನಾನು.

ನಾನು ಸೇರಿದ ವರ್ಷ ಏಳರಲ್ಲಿ ತೀರ ಸಣ್ಣ ದ್ವೀಪದ ಬಾರೋಮೀಟರ್ ಕೆಟ್ಟಿತ್ತು. ಆ ದ್ವೀಪದ ಹವಾಮಾನ ಕಚೇರಿ ಎಂದರೆ ಒಬ್ಬ ಹೆಂಗಸು, ಒಂದು ಮೇಜು, ಒಂದು ರೇಡಿಯೋ. ಬಿರುಗಾಳಿ ಬರುವ ಮುಂಚೆ ಗಾಳಿಯ ಒತ್ತಡ ಇಳಿಯುತ್ತದೆ. ಇಳಿದದ್ದನ್ನು ತೋರಿಸಬೇಕಾದ ಮುಳ್ಳು ಆಗಸ್ಟಿನಿಂದ ‘ಶುಭ್ರ ಆಕಾಶ’ದ ಮೇಲೇ ನಿಂತುಬಿಟ್ಟಿತ್ತು. ನವೆಂಬರಿನಲ್ಲಿ ಬಿರುಗಾಳಿಯ ಕಾಲ ಶುರು. ಅಷ್ಟರೊಳಗೆ ಆಕೆಗೆ ಒಂದು ಬಾರೋಮೀಟರ್ ತಲುಪಬೇಕಿತ್ತು. ಇಷ್ಟೇ ಕೆಲಸ.

೧. ಶುಕ್ರವಾರ ಅಂದರೆ ಶುಕ್ರವಾರ

ಏಳು ದ್ವೀಪಗಳೂ ಒಪ್ಪಿದರೆ ಎಲ್ಲರಿಗೂ ಸೇರಿದ ಒಂದು ಉಪಕರಣ ಭಂಡಾರ ಮಾಡಿ, ಅದರಿಂದಲೇ ಬಾರೋಮೀಟರ್ ಕೊಡಬಹುದು ಎಂದು ಮುಖ್ಯಸ್ಥರು ಹೇಳಿದರು. ಅದಕ್ಕೊಂದು ಟೆಲಿಫೋನ್ ಸಭೆ. ನಾನು ಆಹ್ವಾನ ಬರೆದೆ: ಶುಕ್ರವಾರ, ನಿಮ್ಮಲ್ಲಿಯ ಸಂಜೆ, ನಮ್ಮಲ್ಲಿಯ ಬೆಳಿಗ್ಗೆ ಒಂಬತ್ತು ಗಂಟೆ.

ಶುಕ್ರವಾರ ನಾಲ್ಕು ದ್ವೀಪಗಳು ಬಂದವು. ಮೂರು ಬರಲಿಲ್ಲ. ಸಮಯಪಾಲನೆಯ ಬಗ್ಗೆ ನಾನು ಒಂದೆರಡು ಮಾತು ಆಡಿದೆ.

ಇಂಜಿನಿಯರ್ ಗೋಡೆಯ ನಕ್ಷೆಯ ಮುಂದೆ ನಿಂತ. “ಆಂಟಿ, ಇಲ್ಲಿ ಸಮುದ್ರದ ಮಧ್ಯೆ ಒಂದು ಗೆರೆ ಇದೆ ನೋಡಿ. ಡೇಟ್ ಲೈನ್. ಈ ಕಡೆ ನಾಲ್ಕು ದ್ವೀಪ, ಆ ಕಡೆ ಮೂರು. ಆ ಕಡೆಯವ್ರಿಗೆ ಇವತ್ತು ಇನ್ನೂ ಗುರುವಾರ.”

“ಕಚೇರಿಯಲ್ಲಿ ಆಂಟಿ ಅನ್ನಬೇಡಿ,” ಎಂದೆ. “ಅವರು ಶುಕ್ರವಾರ ಅಂದರೆ ಶುಕ್ರವಾರ ಬರಬೇಕಿತ್ತು.”

“ಬರ್ತಾರೆ ಮ್ಯಾಡಮ್. ಅವರ ಶುಕ್ರವಾರಕ್ಕೆ. ನಮಗೆ ಆಗ ಶನಿವಾರ.”

ಹಾಗೇ ಆಯಿತು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮೂರು ದ್ವೀಪಗಳೂ ಕರೆ ಮಾಡಿದವು. ಕಟ್ಟಡದಲ್ಲಿ ಇದ್ದವರು ನಲ್ಲಿ ರಿಪೇರಿಗೆ ಬಂದಿದ್ದ ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವವರು, ಒಬ್ಬರೇ. ಅವರಿಗೆ ಇಂಗ್ಲಿಷ್ ಬಾರದು. ಆದರೆ ಸಭ್ಯರು, ಫೋನ್ ಎತ್ತಿದ ಮೇಲೆ ಇಡುವವರಲ್ಲ. ಮುಕ್ಕಾಲು ಗಂಟೆ ಕೇಳಿಸಿಕೊಂಡು, ಮಾತು ನಿಂತಾಗಲೆಲ್ಲ “ಯಾ, ಯಾ” ಎಂದಿದ್ದರು.

ಸೋಮವಾರ ಒಂದು ಫ್ಯಾಕ್ಸ್ ಬಂದಿತ್ತು: “ನಮ್ಮ ಒಂಬತ್ತು ಬೇಡಿಕೆಗಳನ್ನೂ ಜರ್ಮನಿ ಒಂದೇ ಸಭೆಯಲ್ಲಿ ಒಪ್ಪಿಕೊಂಡದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು.”

೨. ಸರ್ವಾನುಮತ

ಮುಂದಿನ ಸಭೆಗೆ ನಾನು ಎರಡು ಬಗೆಯ ಆಹ್ವಾನ ಕಳಿಸಿದೆ. ಗೆರೆಯ ಈ ಕಡೆಯವರಿಗೆ ಶುಕ್ರವಾರ, ಆ ಕಡೆಯವರಿಗೆ ಗುರುವಾರ. ದ್ವೀಪದವರು ರೇಡಿಯೋದಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಪಾಪ, ಈ ಹೆಂಗಸು ದಿನ ತಪ್ಪು ಬರೆದಿದ್ದಾರೆ, ಎದುರಿಗೆ ಹೇಳಿದರೆ ನೊಂದುಕೊಳ್ಳುತ್ತಾರೆ ಎಂದು ಏಳೂ ಕಚೇರಿಯವರು ಸದ್ದಿಲ್ಲದೆ ಶುಕ್ರವಾರ ಎಂದೇ ತಿದ್ದಿಕೊಂಡರು. ಆ ಕಡೆಯ ಮೂವರು ಮತ್ತೆ ನಮ್ಮ ಶನಿವಾರಕ್ಕೇ ಬಂದರು. ಈ ದ್ವೀಪಗಳಲ್ಲಿ ಪರಸ್ಪರ ಸಹಕಾರ ಇಲ್ಲ ಎಂದು ವರದಿ ಬರೆದವರನ್ನು ನಾನು ಕಾಣಬೇಕೆಂದಿದ್ದೆ.

ಮೂರನೆಯ ಸಲ ಏಳೂ ಜನ ಒಟ್ಟಿಗೆ ಸಿಕ್ಕರು. ಅಕ್ಟೋಬರ್ ಬಂದಿತ್ತು. ಕಾರ್ಯಸೂಚಿಯಲ್ಲಿ ಮೊದಲಿಗೆ ಸ್ವಾಗತ, ಐದು ನಿಮಿಷ, ಆಮೇಲೆ ಬಾರೋಮೀಟರ್.

ಅಲ್ಲಿಯ ಪದ್ಧತಿಯಲ್ಲಿ ಯಾವ ಸಭೆಯೂ ಪ್ರಾರ್ಥನೆ ಇಲ್ಲದೆ ಶುರುವಾಗುವುದಿಲ್ಲ. ನನಗೆ ಇದು ಹೊಸದಲ್ಲ. ಫೋನಿನಲ್ಲಿ ಪ್ರಾರ್ಥನೆ ಕೇಳಿದ ಕೂಡಲೇ ಎದ್ದು ನಿಂತೆ, ಕೈ ಜೋಡಿಸಿದೆ. ನಾನು ನಿಂತದ್ದು ನೋಡಿ ಮುಖ್ಯಸ್ಥರೂ ಎದ್ದರು. ಇಂಜಿನಿಯರ್ ಬನ್ ತಿನ್ನುತ್ತಿದ್ದ. ನಾನು ಒಮ್ಮೆ ನೋಡಿದೆ, ಅವನೂ ಎದ್ದ.

ಮೊದಲನೆಯವರು ಹತ್ತು ನಿಮಿಷ ಪ್ರಾರ್ಥಿಸಿದರು. ಒಬ್ಬರು ಪ್ರಾರ್ಥಿಸಿದ ಮೇಲೆ ಇನ್ನೊಬ್ಬರು ಸುಮ್ಮನಿರುವುದು ಅಲ್ಲಿ ಅಗೌರವ. ಎರಡನೆಯವರು ಜರ್ಮನಿಗಾಗಿ, ಮೂರನೆಯವರು ಟೆಲಿಫೋನಿಗಾಗಿ, ನಾಲ್ಕನೆಯವರು ಹೌಸ್‌ಮೈಸ್ಟರ್ ಅವರಿಗಾಗಿ ಹೆಸರು ಹಿಡಿದೇ ಪ್ರಾರ್ಥಿಸಿದರು.

“ಮ್ಯಾಡಮ್, ಕೂತ್ಕೊಳ್ಲಾ?” ಎಂದು ಇಂಜಿನಿಯರ್ ಪಿಸುಗುಟ್ಟಿದ.

“ಇನ್ನೂ ಮೂವರಿದ್ದಾರೆ,” ಎಂದೆ.

ಕೊನೆಯದಾಗಿ ಸಣ್ಣ ದ್ವೀಪದ ಆಕೆ. ಎಲ್ಲರಿಗಿಂತ ಚಿಕ್ಕ ಪ್ರಾರ್ಥನೆ ಅವರದು. “ದೇವರೇ, ಬಾರೋಮೀಟರ್.” ಅಷ್ಟು ಹೇಳುವಾಗ ಉಪಗ್ರಹದ ಸಂಪರ್ಕ ಕಡಿದುಹೋಯಿತು.

ಸಭೆಯ ನಡಾವಳಿಯನ್ನು ನಾನು ಉಳಿದವರ ಹಾಗೆ ಊಹಿಸಿ ಬರೆಯುವುದಿಲ್ಲ. ನಡೆದದ್ದನ್ನೇ ಬರೆದೆ: “ಆಮೆನ್ ಸರ್ವಾನುಮತದಿಂದ ಅಂಗೀಕೃತ. ಉಳಿದ ವಿಷಯಗಳನ್ನು ಮುಂದೂಡಲಾಯಿತು.”

೩. ಮಾರ್ಜಿನ್

ಮುಖ್ಯಸ್ಥರು ಒಂದು ದಾರಿ ಹುಡುಕಿದರು. ಭಂಡಾರದ ಒಪ್ಪಂದ ಆದಾಗ ಆಗಲಿ. ತುರ್ತು ಬದಲಿ ಉಪಕರಣಕ್ಕೆ ಆ ದ್ವೀಪದಿಂದ ಒಂದು ಪತ್ರ ಬಂದರೆ ಸಾಕು. ಪತ್ರ ಎರಡೇ ದಿನದಲ್ಲಿ ಫ್ಯಾಕ್ಸಿನಲ್ಲಿ ಬಂತು. ನನ್ನ ಮೇಜಿನ ಮೇಲೆ.

ಕೈಬರಹ. ಎಡಗಡೆ ಮಾರ್ಜಿನ್ ಇಲ್ಲ. ‘ವಿಷಯ’ ಎಂಬ ಸಾಲಿಲ್ಲ. “ಪ್ರಿಯ ಗೆಳತಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ?” ಎಂದು ಶುರುವಾಗಿ, “ಪ್ರೀತಿಯಿಂದ” ಎಂದು ಮುಗಿದಿತ್ತು. ನಡುವೆ ಎಲ್ಲೋ ಬಾರೋಮೀಟರ್. ಇಂಥ ಪತ್ರವನ್ನು ನಾನು ಕಡತಕ್ಕೆ ಹಾಕಿದವಳಲ್ಲ. ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಅಡಿಯಲ್ಲಿ ‘ಸರಿಪಡಿಸಿ ಮತ್ತೆ ಸಲ್ಲಿಸಿ’ ಎಂದು ಬರೆದು, ಫ್ಯಾಕ್ಸಿನಲ್ಲೇ ಹಿಂದಕ್ಕೆ ಕಳಿಸಿದೆ.

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗಿ ಮುಖ್ಯಸ್ಥರಿಗೆ ಫೋನ್ ಮಾಡುತ್ತಿದ್ದರು, ಕೆಲಸ ಆಗುತ್ತಿತ್ತು. ಆಕೆ ಮಾಡಲಿಲ್ಲ. ಇಡೀ ಪತ್ರವನ್ನು ಮತ್ತೆ ಬರೆದು ಕಳಿಸಿದರು. ಮಾರ್ಜಿನ್ ಬಂದಿತ್ತು, ವಿಷಯದ ಸಾಲು ಬಂದಿರಲಿಲ್ಲ. ಹಿಂದಿರುಗಿಸಿದೆ. ಮೂರನೆಯದರಲ್ಲಿ ವಿಷಯದ ಸಾಲು ಬಂತು, ಆದರೆ ವಿಷಯ ಎರಡಿದ್ದವು: ಒಂದು ಬಾರೋಮೀಟರ್, ಇನ್ನೊಂದು ತಂಗಿಯ ಮಗಳ ಮದುವೆಗೆ ನನಗೆ ಆಹ್ವಾನ. ಒಂದು ಪತ್ರಕ್ಕೆ ಒಂದೇ ವಿಷಯ. ಹಿಂದಿರುಗಿಸಿದೆ.

ಆ ಸಂಜೆ ಮನೆಯವರಿಗೆ ಇದನ್ನು ಹೇಳಿದೆ. ಅವರು ರೊಟ್ಟಿ ಮುರಿಯುವುದು ನಿಲ್ಲಿಸಿದರು.

“ಅಲ್ಲೆ ಬಿರುಗಾಳಿ ಬರೂ ಹೊತ್ತಾತು. ನೀ ಇಲ್ಲೆ ಮಾರ್ಜಿನ್ ಅಳಕೋತ ಕುಂತೀ?”

“ಪದ್ಧತಿ ಅಂತ ಒಂದು ಇರುತ್ತದೆ.”

“ಗಾಳಿಗೂ ಒಂದ್ ನೋಟೀಸ್ ಕಳಿಸು ಹಂಗಾರ. ಮಾರ್ಜಿನ್ ಬಿಟ್ಟು ಬೀಸು ಅಂತ.”

ಅಂದು ನನಗೆ ಊಟ ಸೇರಲಿಲ್ಲ. ಬೆಳಿಗ್ಗೆ ಎಸ್-ಬಾನ್ ರೈಲಿನಲ್ಲಿ ಕೂತಾಗ, ಮೂರನೆಯ ಪತ್ರವನ್ನೇ ಮುಖ್ಯಸ್ಥರ ಮುಂದಿಡುವುದು ಎಂದು ನಿರ್ಧರಿಸಿದ್ದೆ. ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ.

ಕಚೇರಿಗೆ ಹೋದರೆ ನಾಲ್ಕನೆಯದು ಬಂದು ಬಿದ್ದಿತ್ತು. ನಮ್ಮ ಧಾರವಾಡ ಕಾನ್ವೆಂಟಿನ ಮದರ್ ಸುಪೀರಿಯರ್ ಕೂಡ ಬೆರಳು ತೋರಿಸಲಾರದ ಪತ್ರ. ಅದರ ಹಿಂದೆ ಬೇರೆ ಹಾಳೆ, ‘ವಿಷಯ: ವೈಯಕ್ತಿಕ’ ಎಂದು. ಒಂದೇ ಸಾಲು: “ನಮ್ಮ ಶಾಲೆಯ ಮದರ್ ತೀರಿಕೊಂಡ ಮೇಲೆ, ಇನ್ನು ನನ್ನ ಪತ್ರ ಯಾರೂ ಹಿಂದಿರುಗಿಸುವುದಿಲ್ಲ ಎಂದು ನೆಮ್ಮದಿಯಾಗಿದ್ದೆ.”

೪. ನಾಲ್ಕು ಪೆಟ್ಟಿಗೆ

ಮುಖ್ಯಸ್ಥರು ಅಂದೇ ಒಪ್ಪಿಗೆ ಕೊಟ್ಟರು. ಬೇರೆ ಊರಿನಲ್ಲಿದ್ದ ನಮ್ಮ ಉಗ್ರಾಣದವರು ಅದೇ ವಾರ ವಿಮಾನಕ್ಕೆ ಹಾಕಿದರು. ನವೆಂಬರಿನ ಮೊದಲ ವಾರ ದ್ವೀಪದಿಂದ ಫ್ಯಾಕ್ಸ್ ಬಂತು. ಮಾರ್ಜಿನ್ ಸರಿಯಾಗಿತ್ತು. “ವಿಷಯ: ನಾಲ್ಕು ಬಾರೋಮೀಟರುಗಳು ತಲುಪಿದ ಬಗ್ಗೆ.”

ನಾನು ಇಂಜಿನಿಯರನ್ನು ಕರೆದೆ. ಅವನು ಕಂಪ್ಯೂಟರ್ ನೋಡಿ ತಲೆಯಾಡಿಸಿದ.

“ಕರೆಕ್ಟಾಗೇ ಇದೆ ಮ್ಯಾಡಮ್. ನೀವೇ ಹೇಳಿದ್ರಿ, ಯಾವ ಕಾಗದ ಬಂದ್ರೂ ನಂಬರ್ ಹಾಕದೆ ಒಳಗೆ ಬಿಡಬೇಡ ಅಂತ. ಬಾರೋಮೀಟರ್ ಬೇಕು ಅಂತ ನಾಲ್ಕು ಪತ್ರ ಬಂದಿದೆ, ನಾಲ್ಕು ನಂಬರ್ ಬಿದ್ದಿದೆ. ಸಾರ್ ಒಪ್ಪಿಗೆ ಒತ್ತಿದಾಗ ಆ ದ್ವೀಪದ ನಾಲ್ಕೂ ಹಸಿರಾಯ್ತು.”

“ಮೂರನ್ನು ನಾನು ಹಿಂದಿರುಗಿಸಿದ್ದೆನಲ್ಲ?”

“ಹಿಂದಿರುಗಿಸಿದ್ದಕ್ಕೆ ನೀವು ನಂಬರ್ ಹಾಕಿಲ್ವಲ್ಲ ಮ್ಯಾಡಮ್.”

ಇಪ್ಪತ್ತೇಳು ವರ್ಷದವನು. ಮುಖದಲ್ಲಿ ನಗುವಿನ ಸುಳಿವಿಲ್ಲ.

೫. ವಾಪಸಾತಿ

ಮೂರನ್ನು ವಾಪಸ್ ತರಿಸಿ ಎಂದರು ಮುಖ್ಯಸ್ಥರು. ಪತ್ರ ಬರೆದೆ. ಆಕೆ ಈ ಸಲ ಫೋನ್ ಮಾಡಿದರು.

“ಕೊಟ್ಟುಬಿಟ್ಟೆ ಮ್ಯಾಡಮ್. ಪಕ್ಕದ ಮೂರು ದ್ವೀಪಗಳಿಗೆ. ಸೋಮವಾರದ ದೋಣಿಯಲ್ಲಿ.”

“ಯಾವ ಫಾರ್ಮಿನ ಮೇಲೆ?”

“ಫಾರ್ಮ್ ಹಾಕಿ ಕೊಟ್ಟರೆ ಅದು ಸರಕಾರದ ಸಾಮಾನು, ಮೂಲೆಯಲ್ಲಿ ಇಡುತ್ತಾರೆ. ಉಡುಗೊರೆ ಅಂತ ಕೊಟ್ಟೆ. ಉಡುಗೊರೆ ಪಡೆದವರು ಸುಮ್ಮನೆ ಕೂರುವ ಹಾಗಿಲ್ಲ, ಮರ್ಯಾದೆ ಹೋಗುತ್ತದೆ. ಈಗ ಮೂವರೂ ಬೆಳಿಗ್ಗೆ ಸಂಜೆ ರೇಡಿಯೋದಲ್ಲಿ ನನಗೆ ಒತ್ತಡ ಓದಿ ಹೇಳುತ್ತಾರೆ.”

ಇದಕ್ಕಾಗಿಯೇ ಅಲ್ಲವೇ ನಾವು ಅಷ್ಟು ಸಭೆ ಕರೆದು, ಒಪ್ಪಂದದ ಕರಡು ತಿದ್ದಿ ತಿದ್ದಿ ಇಟ್ಟಿದ್ದು. ನಾನು ಕುರ್ಚಿಗೆ ಒರಗಿ ಕೂತೆ. ಸಾಮಾನ್ಯವಾಗಿ ನಾನು ಒರಗುವವಳಲ್ಲ.

ಡಿಸೆಂಬರಿನಲ್ಲಿ ಬಿರುಗಾಳಿ ಬಂತು. ಮೊದಲು ಪಕ್ಕದ ದ್ವೀಪದಲ್ಲಿ ಮುಳ್ಳು ಇಳಿಯಿತು, ಆಮೇಲೆ ಅದರಾಚೆಯದರಲ್ಲಿ. ಒಂದು ಹಗಲು ಮುಂಚೆಯೇ ಆಕೆ ಎಚ್ಚರಿಕೆ ಕೊಟ್ಟು, ಜನರನ್ನೆಲ್ಲ ಕಲ್ಲಿನ ಚರ್ಚಿನೊಳಗೆ ಸೇರಿಸಿದರು. ಅವರ ಕಚೇರಿಯ ತಗಡಿನ ಚಾವಣಿ ಹಾರಿಹೋಯಿತು. ಜನ ಎಲ್ಲ ಉಳಿದರು. ಬಾರೋಮೀಟರನ್ನು ತಾವೇ ಕಂಕುಳಲ್ಲಿ ಇಟ್ಟುಕೊಂಡು ಚರ್ಚಿನಲ್ಲಿ ಕೂತಿದ್ದಾಗಿ ಆಕೆ ಫೋನಿನಲ್ಲಿ ಹೇಳಿದರು.

ಆದರೆ ದಾಖಲೆ ಪುಸ್ತಕದಲ್ಲಿ ಮೂರು ಉಪಕರಣ ವಾಪಸ್ ಬರಬೇಕಾದದ್ದು ಹಾಗೇ ಉಳಿದಿತ್ತು. ಮುಖ್ಯಸ್ಥರಿಗೂ ಮೇಲಿನ ಕಚೇರಿಗೆ ಉತ್ತರ ಹೇಳಬೇಕಿತ್ತು. ಹೊಸ ವರ್ಷದ ನಂತರ ತ್ಸೋಲ್‌ಆಮ್ಟ್, ಅಂದರೆ ಸುಂಕದ ಕಚೇರಿಯಿಂದ ನನಗೆ ಕರೆ ಬಂತು. ದ್ವೀಪದಿಂದ ಒಂದು ಕಟ್ಟು ಬಂದಿದೆ, ಬಂದು ವಿವರಿಸಿ ಎಂದು.

ಕಟ್ಟಿನ ಮೇಲೆ ಪತ್ರ: “ವಿಷಯ: ಮೂರು ಬಾರೋಮೀಟರುಗಳಿಗೆ ಪ್ರತಿಯಾಗಿ ವಾಪಸಾತಿ.” ಒಳಗೆ ಕೇದಗೆಯಂಥ ಗರಿಯಲ್ಲಿ ಬಲು ನವುರಾಗಿ ಹೆಣೆದ ಮೂರು ಚಾಪೆಗಳು. ನೆರೆಯ ಮೂರು ದ್ವೀಪದವರು ಆಕೆಗೆ ಕೊಟ್ಟದ್ದು. ಉಡುಗೊರೆಯ ಮೂಲ ನಾವಾದ್ದರಿಂದ ಆಕೆ ನಮಗೆ ದಾಟಿಸಿದ್ದರು.

ಸುಂಕದ ಅಧಿಕಾರಿ ಒಂದನ್ನು ಬಿಡಿಸಿ, ತಿರುಗಿಸಿ ನೋಡಿ, ಮೂಸಿದರು. “ಪತ್ರದಲ್ಲಿ ಬಾರೋಮೀಟರ್ ಎಂದಿದೆ. ಇದು ಹೇಗೆ ಕೆಲಸ ಮಾಡುತ್ತದೆ?”

“ಹಾಸುತ್ತಾರೆ,” ಎಂದೆ.

“ಆಮೇಲೆ?”

“ಆಮೇಲೆ ಕೂರುತ್ತಾರೆ.”

ಅವರು ಅಷ್ಟನ್ನೂ ಬರೆದುಕೊಂಡು, ಮೊಹರು ಒತ್ತಿ ಬಿಟ್ಟುಕೊಟ್ಟರು.

ಕಚೇರಿಗೆ ತಂದು ವಾಪಸಾತಿಯ ಫಾರ್ಮ್ ತುಂಬಲು ಕೂತೆ. ಸಂಖ್ಯೆ: ಮೂರು. ಸ್ಥಿತಿ: ಹೊಸದು. ಮುಂದಿನ ಕಲಂ: ‘ಈ ಉಪಕರಣದ ಕೆಲಸ’. ಫಾರ್ಮಿನಲ್ಲಿ ಸುಳ್ಳು ಬರೆಯುವುದು ನನ್ನಿಂದ ಆಗುವುದಿಲ್ಲ; ಖಾಲಿ ಬಿಡುವುದಂತೂ ಆಗುವುದೇ ಇಲ್ಲ. ಬಹಳ ಹೊತ್ತು ಯೋಚಿಸಿ, ಉಡುಗೊರೆಗೆ ಉಡುಗೊರೆ ಎಂಬ ಆ ವ್ಯವಹಾರದಿಂದ ಏನಾಯಿತೋ ಅದನ್ನೇ ಬರೆದೆ: “ಪ್ರತಿ ದ್ವೀಪಕ್ಕೆ ಒಂದರಂತೆ. ನೆರೆಯ ದ್ವೀಪದಿಂದ ದಿನಕ್ಕೆ ಎರಡು ಸಲ, ತಪ್ಪದೆ, ಗಾಳಿಯ ಒತ್ತಡದ ವರದಿ ತರಿಸಿಕೊಡುತ್ತದೆ. ವಿದ್ಯುತ್ ಬೇಡ. ಬಿರುಗಾಳಿಯಲ್ಲಿ ಪರೀಕ್ಷಿಸಲಾಗಿದೆ.”

ಮುಖ್ಯಸ್ಥರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ, ಸಹಿ ಹಾಕಿದರು.

ಎರಡು ವಾರದ ನಂತರ ಮೇಲಿನ ಕಚೇರಿಯಿಂದ ಉತ್ತರ ಬಂತು. ಈ ಮಾದರಿ ಅತ್ಯಂತ ತೃಪ್ತಿಕರವಾಗಿದೆ. ಉಳಿದ ದ್ವೀಪಗಳಿಗೂ ಒಂದೊಂದು ಅಳವಡಿಸಬೇಕು. ತಯಾರಕರ ವಿಳಾಸವನ್ನು ಕೂಡಲೇ ತಿಳಿಸುವುದು.