ದೋಸೆ ಹಿಟ್ಟಿನ ಉಮೇದುವಾರ

ಸತ್ತು ಎಷ್ಟೋ ಕಾಲವಾದ ಅಮೆರಿಕದ ರಾಜಕಾರಣಿಯೊಬ್ಬ ನಮ್ಮ ಅಕ್ಕನ ಸಂಸಾರ ನಡೆಸುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ಅಕ್ಕನೂ ಮೊದಲು ನಂಬಿರಲಿಲ್ಲ.

ನಾವು ನೆಲೆಸಿರುವುದು ಅಮೆರಿಕದ ಪಕ್ಕದ ದೇಶದಲ್ಲಿ. ಅಲ್ಲಿ ಎಟೋಬಿಕೋದಲ್ಲಿ ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಲ್ಲಿ ಭಾವ ಒಂದು ಹಳೆಯ ಪುಸ್ತಕ ಕೊಂಡರು. ರಟ್ಟಿಲ್ಲ, ಮೊದಲ ಪುಟಗಳಿಲ್ಲ. ಒಳಗೆಲ್ಲ ಬರೀ ‘ಸೆನೆಟರ್ ಸಾಹೇಬರು’. ನೂರು ವರ್ಷದ ಹಿಂದೆ ಇಟ್ಟಿಗೆ ವ್ಯಾಪಾರ ಮಾಡಿ, ಮೇಯರಾಗಿ, ಸೆನೆಟರಾದವನ ಕಥೆ. ಭಾವನಿಗೆ ವಾನ್ ಎಂಬ ಊರಿನಲ್ಲಿ ದೋಸೆ ಹಿಟ್ಟು ರುಬ್ಬುವ ಸಣ್ಣ ಕಾರ್ಖಾನೆ.

“ಅವನಿಗೆ ಇಟ್ಟಿಗೆ, ನನಗೆ ಹಿಟ್ಟು. ಅರ್ಧ ದಾರಿ ಆಯ್ತಲ್ಲ ಮಾರಾಯ” ಎಂದರು.

ಸೆನೆಟರು ಕಂಡವರಿಗೆಲ್ಲ ಟೊಪ್ಪಿ ಎತ್ತುತ್ತಿದ್ದನಂತೆ. ಭಾವನೂ ಒಂದು ಟೊಪ್ಪಿ ತಂದರು. ಬೇರೆ ರಾಜಕಾರಣಿಗಳು ಊರಿಗೆ ಟೊಪ್ಪಿ ಹಾಕಿದರೆ ಇವರು ತಾವೇ ಹಾಕಿಕೊಂಡರು! ಬಸ್ಸಿಗೂ ಎತ್ತಿದರು, ಬಟ್ಟೆ ಅಂಗಡಿಯ ಗೊಂಬೆಗೂ ಎತ್ತಿದರು.

“ಆ ಗೊಂಬೆಗೆ ವೋಟುಂಟಾ?” ಅಂತ ಅಕ್ಕ ಕೇಳಿದಳು.

“ಮರ್ಯಾದೆ ಉಂಟಲ್ಲ.”

ನಗರಸಭೆಯ ಕೌನ್ಸಿಲರ್ ಚುನಾವಣೆಗೆ ನಿಂತೇಬಿಟ್ಟರು. ಸೆನೆಟರಂತೆ ಮನೆಮನೆಗೆ ಹೋಗಬೇಕು. ಆದರೆ ನಮ್ಮ ಉಡುಪಿ ಕಡೆಯವರು ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದುಂಟೇ? ಕಾರಿನ ತುಂಬ ಹಿಟ್ಟಿನ ಡಬ್ಬಿ ಹೇರಿದರು.

“ಭಾವ, ವೋಟು ಕೇಳಿ ಹಿಟ್ಟು ಕೊಟ್ಟರೆ ಲಂಚ ಆಗ್ತದೆ” ಎಂದೆ.

ಭಾವ ಯೋಚಿಸಿದರು. “ಹಾಗಾದ್ರೆ ವೋಟು ಕೇಳುವುದು ಬೇಡ.”

ಹಾಗೇ ಮಾಡಿದರು. ಬಾಗಿಲು ತಟ್ಟುವುದು, ಟೊಪ್ಪಿ ಎತ್ತುವುದು, ಹಿಟ್ಟು ಕೊಟ್ಟು ಆರೋಗ್ಯ ವಿಚಾರಿಸಿ ಬರುವುದು. ವಾರದೊಳಗೆ ಕಾರ್ಖಾನೆಗೆ ಆರ್ಡರುಗಳ ಮೇಲೆ ಆರ್ಡರು. ಆದರೆ ಈ ಮನುಷ್ಯ ಚುನಾವಣೆಗೆ ನಿಂತಿದ್ದಾನೆಂದು ಒಬ್ಬರಿಗೂ ಗೊತ್ತಿಲ್ಲ!

ಅದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾವ ಹೋದ ಮನೆಗಳಿಗೆ ಆಮೇಲೆ ನಾನು ಹೋಗಿ, ಅವರ ಫೋಟೋ ಇದ್ದ ಕಾಗದ ಕೊಟ್ಟು ಬರಬೇಕು. ಗೆಲ್ಲುವುದೆಲ್ಲ ಅದರ ಮೇಲೇ ನಿಂತಿತ್ತು.

ಇಲ್ಲಿಯವರೆಗೆ ನಕ್ಕಿದ್ದೀರಿ. ಇನ್ನು ನನ್ನ ತಪ್ಪು ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಭಾವ ಎರಡು ಸಲ ಫೇಲಾಗಿ ನನ್ನ ಬೆಂಚಿಗೇ ಬಂದಿದ್ದರು. ಲೆಕ್ಕ ಅವರಿಗೆ ನಾನೇ ತೋರಿಸುತ್ತಿದ್ದೆ. ನಾನು ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡಿ ರಿಟೈರಾದೆ. ಅವರು ಕಾರ್ಖಾನೆಯ ಯಜಮಾನ. ಇನ್ನು ಕೌನ್ಸಿಲರೂ ಆಗಬೇಕೇ? ಹೊಟ್ಟೆ ಉರಿಯಿತು. ಕಾಗದದ ಕಟ್ಟುಗಳನ್ನು ನಮ್ಮ ಬೇಸ್‌ಮೆಂಟಿನಲ್ಲಿ ಬಿಸಾಕಿ, ಚುನಾವಣೆಗೆ ಉಳಿದಿದ್ದ ಹತ್ತು ದಿನವೂ ಎರಿನ್ ಮಿಲ್ಸ್‌ನ ಮಾಲಿನಲ್ಲಿ ಕಾಫಿ ಕುಡಿಯುತ್ತ ಕುಳಿತೆ. ಸಂಜೆ ಅಕ್ಕನ ಮನೆಗೆ ಹೋಗಿ, “ಅಬ್ಬಬ್ಬ, ನಡೆದೂ ನಡೆದೂ ಮೊಣಕಾಲು ಹೋಯ್ತು” ಅನ್ನುತ್ತಿದ್ದೆ.

ಭಾವ ಹೀನಾಯವಾಗಿ ಸೋತರು.

ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದರು. ತಲೆಯ ಮೇಲೆ ಟೊಪ್ಪಿ ಇರಲಿಲ್ಲ. ಕೈಯಲ್ಲಿ ಬಿಸಿ ಮಾಡಿದ ಎಳ್ಳೆಣ್ಣೆ. ಬೇಡವೆಂದರೂ ಕೇಳದೆ ನೆಲದ ಮೇಲೆ ಕುಳಿತು ನನ್ನ ಪ್ಯಾಂಟು ಮಡಚಿದರು.

“ನನ್ನ ಹುಚ್ಚಿಗೆ ನಿನ್ನ ಕಾಲು ಹಾಳಾಯ್ತು ಮಾರಾಯ” ಅಂತ ಬಲಗಾಲು ತಿಕ್ಕತೊಡಗಿದರು. ಗಂಟು ಬೆರಳುಗಳ ಮುದಿ ಕೈ. ನನಗೆ ತಡೆಯಲಾಗಲಿಲ್ಲ.

“ಭಾವ, ನಾನು ಒಂದು ಮನೆಗೂ ಹೋಗಿಲ್ಲ. ಹೊಟ್ಟೆಕಿಚ್ಚು. ಕಾಗದ ಎಲ್ಲ ಕೆಳಗೇ ಉಂಟು.”

ತಿಕ್ಕುತ್ತಿದ್ದ ಕೈ ನಿಂತಿತು. ಭಾವ ತಲೆ ಎತ್ತಲಿಲ್ಲ. ಆಮೇಲೆ ಅಂಗೈಗೆ ಮತ್ತೆ ಎಣ್ಣೆ ಸುರಿದುಕೊಂಡರು.

“ಆ ಕಾಲೂ ಕೊಡು” ಎಂದರು.