ವಿಳಾಸಕ್ಕೊಂದು ಬ್ಯಾನರ್

ಅಡೊಮಾಕೊನಿಗೆ ಮನೆಯಿದೆ ಎಂಬುದನ್ನು ಕುಮಾಸಿ ಪಟ್ಟಣದ ಬೀದಿ ಮೇಕೆಗಳೂ ಬಲ್ಲವು. ನಂಬಲೊಲ್ಲದೆ ಕೂತಿದ್ದು ಅಮೆರಿಕದ ಬ್ಯಾಂಕೊಂದೇ.

ಶಿಯಾ ಎಂಬ ಕಾಯಿಯ ಬೆಣ್ಣೆಯಿಂದ ಮಾಡಿದ ಸೋಪು ಮಾರಲು ಅವನು ಅಮೆರಿಕದಲ್ಲೊಂದು ಕಂಪನಿ ನೋಂದಾಯಿಸಿದ್ದ. ಅಲ್ಲಿನ ತೆರಿಗೆಯವರು ಕೇಳಿದ್ದನ್ನೆಲ್ಲ ತಪ್ಪಿಲ್ಲದೆ ತುಂಬಿ ಕಳಿಸಿದ್ದ. ಈಗ ಬ್ಯಾಂಕು, ಕಂಪನಿಯ ಮಾಲೀಕನಿಗೆ ಮನೆಯಿದೆ ಎಂಬುದಕ್ಕೇ ಪುರಾವೆ ಕೇಳಿತು. ಕರೆಂಟಿನ ಬಿಲ್ಲು ತೋರಿಸೋಣವೆಂದರೆ ಮೀಟರು ಎಂದೋ ತೀರಿಹೋದ ಸೋದರಮಾವನ ಹೆಸರಿನಲ್ಲಿತ್ತು. "ಇಂದು ಮೂರು ಗಂಟೆಗೆ ವೀಡಿಯೊ ಕರೆ ಮಾಡುತ್ತೇವೆ. ನಿಮ್ಮ ಹೆಸರು, ಮನೆ ನಂಬರು ಇರುವ ಮುಂಗೋಡೆ ತೋರಿಸಿ. ಇಲ್ಲವಾದರೆ ಖಾತೆ ಮುಚ್ಚುತ್ತೇವೆ" ಎಂದು ಸಂದೇಶ ಬಂತು. ಸೋಪು ಮಾಡುವ ಹೆಂಗಸರ ಕ್ರಿಸ್‌ಮಸ್ ಸಂಬಳವೆಲ್ಲ ಆ ಖಾತೆಯಲ್ಲೇ ಇತ್ತು.

"ತಲೆ ಮೇಲೆ ಕೈ ಹೊತ್ತು ಕೂತ್ರೆ ಗೋಡೆ ಮೇಲೆ ಹೆಸರು ಮೂಡುತ್ತೇನೋ?" ಎಂದು ಪಕ್ಕದ ಮನೆಯ ಸೆರ್ವಾ ಅತ್ತೆ ಗದರಿದಳು. "ಆ ಅಚ್ಚಿನಂಗಡಿ ಫ್ರಿಂಪಾಂಗನಿಗೆ ಹೇಳಿ ಒಂದು ಬ್ಯಾನರ್ ಹಾಕ್ಸು."

ಅಡೊಮಾಕೊ ಅಚ್ಚಿನಂಗಡಿಗೆ ಫೋನು ಮಾಡಿದ. "ಫೋಟೊ, ಹೆಸರು, ಮನೆ ನಂಬರು ಕಳಿಸಿದೀನಿ ಅಣ್ಣಾ. ಮೂರರೊಳಗೆ ಗೋಡೆ ಮೇಲಿರ್ಬೇಕು, ತುಂಬಾ ತುರ್ತು."

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. "ವಯಸ್ಸೆಷ್ಟಪ್ಪಾ?"

"ಮೂವತ್ತೆಂಟು."

"ಛೆ! ಅದೇನು ಮಹಾ ವಯಸ್ಸು! ಧೈರ್ಯ ತಂದ್ಕೊ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."

ಬ್ಯಾಂಕಿನ ಕಷ್ಟಕ್ಕೂ ಮರುಗುವವರಿದ್ದಾರಲ್ಲ ಎಂದು ಅಡೊಮಾಕೊನ ಕಣ್ಣು ತುಂಬಿತು. ಬ್ಯಾಂಕಿನವರೆದುರು ಅಚ್ಚುಕಟ್ಟಾಗಿ ಕಾಣಲೆಂದು ಕ್ಷೌರಕ್ಕೆ ಹೋಗಿ, ತಲೆಯನ್ನೂ ಗಡ್ಡವನ್ನೂ ಸೋರೆಬುರುಡೆಯಂತೆ ನುಣ್ಣಗೆ ಬೋಳಿಸಿಕೊಂಡ.

ಮರಳಿ ಬಂದರೆ ಬೀದಿಗೆ ಶಾಮಿಯಾನ ಬಿದ್ದಿತ್ತು. ಶೋಕದ ಕೆಂಪು, ಕಪ್ಪು ಬಟ್ಟೆಯುಟ್ಟ ನೆರೆಹೊರೆಯವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಮೂಗೊರೆಸಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಆಳೆತ್ತರದ ಬ್ಯಾನರ್: ಗಡ್ಡದ ಅಡೊಮಾಕೊ, ಕೆಳಗೆ ಹೆಸರು, ಮನೆ ನಂಬರು, ನೆತ್ತಿಯ ಮೇಲೆ "ಪ್ರಭುವಿನ ಕರೆಗೆ ಓಗೊಟ್ಟರು". ಆ ಊರಿನಲ್ಲಿ ಮನುಷ್ಯನ ಮುಖ ಅವನ ಮನೆಗೋಡೆಯನ್ನು ಏರುವುದು ಅವನು ತೀರಿಹೋದಾಗ ಮಾತ್ರ. ಫ್ರಿಂಪಾಂಗನಿಗೆ ಅದನ್ನು ಬಿಡಿಸಿ ಹೇಳಬೇಕೇ?

ಸೆರ್ವಾ ಅತ್ತೆ ಓಡಿಬಂದಳು. "ನೀನು ಬದುಕಿದೀಯ ಅಂತ ಹೇಳಿ ಹೇಳಿ ನನ್ ಗಂಟಲು ಒಣಗ್ತು ಕಣೋ! ಆ ಕುರ್ಚಿ ಬಾಡಿಗೆಯವನು ಕೇಳ್ತಾನೇ ಇಲ್ಲ!"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬ್ಯಾನರ್ ಬಿಚ್ಚಲು ಸಮಯವೆಲ್ಲಿ? ಅಡೊಮಾಕೊ ಹೆಸರು, ನಂಬರು ಮಾತ್ರ ಕಾಣುವಂತೆ ಫೋನು ಹಿಡಿದ. ಹಿಂದಿನಿಂದ ಯಾರೋ ಮುದುಕಿ ಅವನ ಹೆಸರು ಹಿಡಿದು ಗೊಳೋ ಎಂದಳು.

"ಸ್ವಲ್ಪ ಮೇಲೆ ತೋರಿಸಿ ಸರ್" ಎಂದಳು ಬ್ಯಾಂಕಿನ ಹುಡುಗಿ. ತೋರಿಸಿದ. ಆಕೆಯ ಮುಖ ಸಪ್ಪಗಾಯಿತು. "ತೀರಿಹೋದವ್ರು ನಿಮಗೇನಾಗ್ಬೇಕು?"

"ನಾನೇ ಕಣಮ್ಮಾ ಅಡೊಮಾಕೊ! ನಾನೇ!"

ಆಕೆ ತನ್ನ ಕಡತದಲ್ಲಿದ್ದ ಪಾಸ್‌ಪೋರ್ಟಿನ ಗಡ್ಡವನ್ನೊಮ್ಮೆ, ಎದುರಿನ ಬುರುಡೆಯನ್ನೊಮ್ಮೆ ನೋಡಿದಳು. "ದುಃಖದಲ್ಲಿ ಹಾಗನ್ಸೋದು ಸಹಜ ಸರ್. ಸ್ವಲ್ಪ ನೀರು ಕುಡೀರಿ."

ಕರೆ ಮುಗಿದ ಬೆನ್ನಿಗೇ ಪತ್ರ ಬಂತು: "ವಿಳಾಸ ದೃಢಪಟ್ಟಿದೆ. ಖಾತೆದಾರರ ನಿಧನಕ್ಕೆ ನಮ್ಮ ಸಂತಾಪಗಳು. ಮರಣಪತ್ರ ತರುವ ವಾರಸುದಾರರಿಗಷ್ಟೇ ಇನ್ನು ಹಣ ಸಂದಾಯವಾಗುವುದು."

ಅಡೊಮಾಕೊ ತನ್ನದೇ ಸಾವಿಗೆ ಬಂದ ಬಾಡಿಗೆ ಕುರ್ಚಿಯಲ್ಲಿ ಕುಸಿದ. ಸೆರ್ವಾ ಅತ್ತೆ ಪತ್ರದ ಮೊದಲ ಸಾಲನ್ನಷ್ಟೇ ಓದಿ ಅವನ ಬೆನ್ನು ತಟ್ಟಿದಳು.

"ನೋಡಿದ್ಯಾ? ಕೊನೆಗೂ ನಿಂಗೆ ಮನೆ ಇದೆ ಅಂತ ಒಪ್ಕೊಂಡ್ರು!"