ಫಕ್ಕೀರವ್ವನ ಖಾನಾವಳಿಯಲ್ಲಿ ಆಸ್ಪರಾಗಸ್ಸಿನ ಐದನೆಯ ವಿಧಾನ

ಹಿರೇಕೆರೂರು ತಾಲೂಕಿನಲ್ಲಿ ಆಸ್ಪರಾಗಸ್ ಎಂಬ ತರಕಾರಿ ಬೆಳೆಯುವುದಿಲ್ಲ, ಸಂತೆಗೆ ಬರುವುದಿಲ್ಲ, ಯಾರ ಮನೆಯಲ್ಲೂ ಇಲ್ಲ. ಹಾಗಿದ್ದೂ ಒಂದನ್ನು ಬಿಟ್ಟು ತಾಲೂಕಿನ ಸಮಸ್ತ ಕುಟುಂಬಗಳು ಅದನ್ನು ಮನೆಯಲ್ಲೇ ಸರಳವಾಗಿ ಬೇಯಿಸುತ್ತಿವೆ ಎಂದು ಗೃಹಪಾಕ ಸರಳೀಕರಣ ಮಂಡಳಿಯು ದೃಢೀಕರಿಸಿದೆ. ಆ ಪತ್ರದ ಕೆಳಗೆ ಸಾಕ್ಷಿಯಾಗಿ ನನ್ನ ಸಹಿ ಇದೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಮತ್ತೆ ಸಹಿ ಮಾಡುವ ಯೋಗ ಬಂದದ್ದಕ್ಕೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಮಂಡಳಿಯವರು ನನ್ನನ್ನು ಗೌರವ ಪಾಕವೀಕ್ಷಕನನ್ನಾಗಿ ನೇಮಿಸಿದ್ದಕ್ಕೆ ಕಾರಣವಿದೆ. ಇಡೀ ತಾಲೂಕಿನಲ್ಲಿ ಆಸ್ಪರಾಗಸ್ಸಿನ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದವನು ನಾನೊಬ್ಬನೇ. ಗೇಣುದ್ದದ ಹಸಿರು ಚಿಗುರು, ತುದಿಗೆ ಮೊಗ್ಗಿನಂಥ ಜುಟ್ಟು, ನಮ್ಮ ಬೇಲಿಯ ಶತಾವರಿಗೆ ದೂರದ ಸಂಬಂಧಿ. ಅಡುಗೆ ನನಗೆ ಬರುವುದಿಲ್ಲ. ನೀರು ಕುದಿಯಿತೋ ಇಲ್ಲವೋ ಎಂಬುದನ್ನು ಇವತ್ತಿಗೂ ನನ್ನ ಹೆಂಡತಿ ಶೀಲಾ ನೋಡಿ ಹೇಳಬೇಕು. ಆದರೆ ವೀಕ್ಷಕನಿಗೆ ಅಡುಗೆ ಬರತಕ್ಕದ್ದಲ್ಲ, ಬಂದಲ್ಲಿ ಪಕ್ಷಪಾತಕ್ಕೆ ಆಸ್ಪದವಾಗುತ್ತದೆ ಎಂದು ನಿಯಮವೇ ಇರುವುದರಿಂದ ತೊಂದರೆಯಾಗಲಿಲ್ಲ.

‘ಆಸ್ಪರಾಗಸ್ಸನ್ನು ಮನೆಯಲ್ಲಿ ಬೇಯಿಸುವ ನಾಲ್ಕು ಸರಳ ವಿಧಾನಗಳು’ ಎಂಬ ಸುತ್ತೋಲೆ ಎಪ್ಪತ್ತೆರಡು ಪುಟಗಳದ್ದು. ಉಪ್ಪು ನೀರಿನಲ್ಲಿ ಮೂರು ನಿಮಿಷ ಕುದಿಸುವುದು, ಹಬೆಯಲ್ಲಿ ಐದು ನಿಮಿಷ ಇಡುವುದು, ಬೆಳ್ಳುಳ್ಳಿ ಜಜ್ಜಿ ತುಪ್ಪದಲ್ಲಿ ಹುರಿಯುವುದು, ಎಣ್ಣೆ ಸವರಿ ಹಂಚಿನ ಮೇಲೆ ಸುಡುವುದು, ಇಷ್ಟೇ. ಉಳಿದ ಪುಟಗಳಲ್ಲಿ ಷರತ್ತುಗಳಿದ್ದವು. ಬುಡದ ನಾರನ್ನು ಮುರಿಯುವಾಗ ಲಟ್ ಎಂಬ ಶಬ್ದ ಬರತಕ್ಕದ್ದು. ಬರದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ನೀಡತಕ್ಕದ್ದು. ಒಂದನೆಯ ವಿಧಾನದ ನೀರನ್ನು ಎರಡನೆಯ ವಿಧಾನಕ್ಕೆ ವರ್ಗಾಯಿಸುವ ಮುನ್ನ ಮೇಲಿನ ಕಚೇರಿಯ ಒಪ್ಪಿಗೆ ಪಡೆಯತಕ್ಕದ್ದು.

ಊರಿಗೊಂದು ಪ್ರಾತ್ಯಕ್ಷಿಕೆ ಆಗಬೇಕಿತ್ತು. ಹಿರೇಕೆರೂರಿನಲ್ಲಿ ಅದು ಬಸ್ ನಿಲ್ದಾಣದ ಹತ್ತಿರದ ಫಕ್ಕೀರವ್ವನ ಖಾನಾವಳಿಯ ಪಾಲಿಗೆ ಬಂತು. ನಾಲ್ಕೂ ವಿಧಾನಗಳಲ್ಲಿ ಮಾಡಿ ತೋರಿಸಿದರೆ ಖಾನಾವಳಿಯ ಪರವಾನಗಿ ಮುಂದುವರಿಯುತ್ತದೆ, ತಪ್ಪಿದರೆ ಸೋಮವಾರ ಬಾಗಿಲಿಗೆ ಬೀಗ. ಇಪ್ಪತ್ತೆರಡು ವರ್ಷಗಳಿಂದ ಊರಿಗೆ ರೊಟ್ಟಿ ಹಾಕುತ್ತ ಬಂದ ಫಕ್ಕೀರವ್ವ ಸುತ್ತೋಲೆಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. ಕೊನೆಗೆ, “ಸರ, ಕಾಯಿಪಲ್ಲೆ ಒಂದ್ಸಲ ಕಣ್ಣೀಲೆ ನೋಡಿದ್ರ ಮಾಡ್ತೇನಿ. ನೋಡದ ಹೆಂಗ ಮಾಡ್ಲಿ?” ಎಂದಳು. ನಾನು ಒಂದು ಹಾಳೆಯ ಮೇಲೆ ಚಿತ್ರ ಬರೆದುಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಊದಿನಕಡ್ಡಿ ಇದ್ದಂಗ ಐತಿ ಅಂದಳು.

ಮಾದರಿಗಾಗಿ ರಾಜಧಾನಿಯಿಂದ ಇನ್ನೂರು ಕಡ್ಡಿಗಳು ಹೊರಟಿದ್ದವು. ಒಂದು ಮೇಲಿನ ಕಚೇರಿ ಮೃದುತ್ವ ಪರೀಕ್ಷೆಗೆಂದು ನೂರನ್ನು ಉಳಿಸಿಕೊಂಡಿತು. ಪರೀಕ್ಷೆ ಊಟದ ವೇಳೆಯಲ್ಲಿ ನಡೆದು ಯಶಸ್ವಿಯಾಯಿತು. ಇನ್ನೊಂದು ಕಚೇರಿ ಅದೇ ಪರೀಕ್ಷೆಯ ಫಲಿತಾಂಶವನ್ನು ಖಚಿತಪಡಿಸಲು ಎಂಬತ್ತೆಂಟನ್ನು ತೆಗೆದುಕೊಂಡಿತು, ಅಲ್ಲಿಯ ಅಧಿಕಾರಿಗಳಿಗೆ ಬೀಗರು ಬಂದಿದ್ದರು. ಉಳಿದ ಹನ್ನೆರಡು ಕಡ್ಡಿಗಳು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಸರ್ಕಾರಿ ಬಸ್ಸಿನಲ್ಲಿ ನಮ್ಮೂರಿಗೆ ಬಂದವು.

ಕಂಡಕ್ಟರ್ ಬಂದೇಸಾಬ ಗಂಟನ್ನು ಖಾನಾವಳಿಗೆ ತಲುಪಿಸಿದ. ಇದೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೇಲೆ ಅಂಟಿಸಿದ್ದ ಚೀಟಿ ನೀರಿಗೆ ಕರಗಿ ಹೋಗಿತ್ತು. ಮಾದರಿಯನ್ನು ಅಧಿಕಾರಿಗಳೇ ತರುತ್ತಾರೆಂದು ನಾವು ತಿಳಿದಿದ್ದೆವು. ಯಾವುದೋ ತಪ್ಪಲ ಐತ್ ನೋಡ ಬೇ, ಬಾಡೂದ್ರಾಗ ಇಟಗೋ ಎಂದು ಹೇಳಿ ಬಸ್ಸು ಹತ್ತಿದ.

ಬೇರೆ ಕಡೆಯವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಖಾನಾವಳಿಯಲ್ಲಿ ರೊಟ್ಟಿಗಿಂತ ಮುಂಚೆ ಒಂದು ತಾಟಿನಲ್ಲಿ ಹಸಿ ತಪ್ಪಲು, ಅಂದರೆ ಸೊಪ್ಪು, ಬರುತ್ತದೆ: ಮೆಂತೆ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು, ಸವತಿಕಾಯಿ. ಅದನ್ನು ಕೇಳಬೇಕಾಗಿಲ್ಲ, ಬೇಯಿಸಬೇಕಾಗಿಯೂ ಇಲ್ಲ. ತೊಳೆದದ್ದು ತಾಟಿಗೆ ಬಂತೆಂದರೆ ಅಡುಗೆ ಆಯಿತೆಂದೇ ಲೆಕ್ಕ. ಫಕ್ಕೀರವ್ವ ಗಂಟು ಬಿಚ್ಚಿದಳು, ತೊಳೆದಳು, ತಾಟಿನಲ್ಲಿ ಹಾಕಿದಳು. ನಾನು ಬರೆದುಕೊಟ್ಟ ಚಿತ್ರ ಗೋಡೆಯ ಮೇಲೆಯೇ ಇತ್ತು. ಅದಕ್ಕೂ ಇದಕ್ಕೂ ಯಾವ ಹೋಲಿಕೆಯೂ ಕಾಣಲಿಲ್ಲವೆಂದು ಅವಳು ಆಮೇಲೆ ಹೇಳಿಕೆ ಕೊಟ್ಟಳು. ಅದು ದಾಖಲಾಗಿದೆ.

ಅಷ್ಟರಲ್ಲಿ ಮಂಡಳಿಯ ಸರಳೀಕರಣಾಧಿಕಾರಿ ಬಸವೇಶ ಅವರು ಪ್ರಾತ್ಯಕ್ಷಿಕೆಗೆ ಆಗಮಿಸಿದರು. ಹಸಿದ ಹೊಟ್ಟೆಯಲ್ಲಿ ಪರಿಶೀಲನೆ ನಿಷ್ಪಕ್ಷಪಾತವಾಗಿರುವುದಿಲ್ಲವೆಂದು ಮೊದಲು ಊಟಕ್ಕೆ ಕುಳಿತರು. ಎದುರಿಗೆ ನಾನೂ ಕುಳಿತೆ. ಗುರೆಳ್ಳು ಚಟ್ನಿ ಹಚ್ಚಿಕೊಂಡು ಕಡ್ಡಿಯೊಂದನ್ನು ಕಡಿದವರೇ ತಪ್ಪಲು ಬಾಳ ಎಳೇದೈತಿ ಎಂದು ಮೆಚ್ಚಿದರು, ಇನ್ನಷ್ಟು ಹಾಕಿಸಿಕೊಂಡರು. ನಾನು ನಾಲ್ಕು ತಿಂದೆ. ಮೂವತ್ತೊಂದು ವರ್ಷ ಚಿತ್ರ ಬರೆದ ನನಗೂ ಗುರುತು ಸಿಗಲಿಲ್ಲ, ಏಕೆಂದರೆ ನಾನು ಯಾವಾಗಲೂ ಅದನ್ನು ಬಿಳಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ.

ಕೈ ತೊಳೆದುಕೊಂಡು ಬಸವೇಶ ಅವರು ಕಡತ ತೆರೆದರು. “ಈಗ ಮಾದರಿ ಆಸ್ಪರಾಗಸ್ಸನ್ನು ಹಾಜರುಪಡಿಸಿ.”

ಫಕ್ಕೀರವ್ವ ಖಾಲಿ ತಾಟನ್ನು ನೋಡಿದಳು, ಒದ್ದೆ ಬಟ್ಟೆಯನ್ನು ನೋಡಿದಳು, ಗೋಡೆಯ ಚಿತ್ರವನ್ನು ನೋಡಿದಳು. “ಉಂಡ್ರಲ್ರಿ ಸಾಹೇಬ್ರ.”

“ನಾನು ಸೇವಿಸಿದ್ದು ತಪ್ಪಲು.”

“ಅದ ಇದುರಿ. ಎರಡ ಸಲ ಹಾಕಿಸ್ಕೊಂಡ್ರಿ.”

ಬಸವೇಶ ಅವರ ಗ್ರಾಂಥಿಕ ಭಾಷೆ ಅಲ್ಲಿಗೆ ನಿಂತಿತು. ಸರ್ಕಾರಿ ಮಾದರಿ ನುಂಗಿದ್ರ ನನ್ನ ನೌಕರಿ ಹೊಕ್ಕೈತಿ, ನಾ ನುಂಗಿಲ್ಲಂತ ಬರೀಬೇಕು, ಹಂಗ ಬರದ್ರ ಈಕಿ ಕಳದಾಳ ಅಂತ ಆಗ್ತೈತಿ ಎಂದು ಬೆವರು ಒರೆಸಿಕೊಂಡು, ಪೆನ್ನು ತೆಗೆದು, ಪರವಾನಗಿ ರದ್ದತಿಯ ನಮೂನೆಯಲ್ಲಿ ಫಕ್ಕೀರವ್ವನ ಹೆಸರು ಬರೆಯತೊಡಗಿದರು.

ಫಕ್ಕೀರವ್ವ ಅಳಲಿಲ್ಲ. ಸೆರಗು ಸಿಕ್ಕಿಸಿ ಮುಂದೆ ನಿಂತಳು. “ಸರಳ ಮಾಡಂತ ನೀವ ಹೇಳೀರಿ. ಒಲಿ ಹಚ್ಚಿಲ್ಲ, ಎಣ್ಣಿ ಹಾಕಿಲ್ಲ, ಭಾಂಡೆ ಹೊಲಸ ಮಾಡಿಲ್ಲ. ಇದಕಿಂತ ಸರಳ ನಿಮ್ಮ ಪುಸ್ತಕದಾಗ ಇದ್ರ ತೋರಸ್ರಿ, ನಾನ ಬೀಗ ಹಾಕಿ ಕೀಲಿ ಕೊಡ್ತೇನಿ.”

ನಾನು ಸುತ್ತೋಲೆ ತೆರೆದೆ. ಅರವತ್ತಾರನೆಯ ಪುಟದಲ್ಲಿ ‘ಸರಳ’ದ ವ್ಯಾಖ್ಯೆ ಇತ್ತು: ಸಮಯ, ಇಂಧನ, ಪಾತ್ರೆ ಮತ್ತು ಪದಾರ್ಥಗಳ ಬಳಕೆ ಎಷ್ಟು ಕಡಿಮೆಯೋ ಆ ವಿಧಾನವು ಅಷ್ಟು ಸರಳವೆಂದು ಪರಿಗಣಿಸತಕ್ಕದ್ದು. ಓದಿ ಹೇಳಿದೆ. ಬಸವೇಶ ಅವರು ಆ ಪುಟವನ್ನು ಮೂರು ಸಲ ಓದಿದರು. ಮೂರನೆಯ ಸಲ ಅವರ ಮುಖದ ಮೇಲೆ ಬಂದ ಕಳೆ ನೋಡಿ ನನಗೂ ಹಿಗ್ಗಾಯಿತು. ನಮೂನೆಯನ್ನು ಹರಿದರು. ಬೇರೊಂದರಲ್ಲಿ ಬರೆದರು: ‘ಐದನೆಯ ವಿಧಾನ. ಬೆಂದ ಸಮಯ ಶೂನ್ಯ ನಿಮಿಷ. ಉರಿ ಇಲ್ಲ. ಫಲಿತಾಂಶ ಉತ್ತಮ. ಅಧಿಕಾರಿಯು ಸ್ವತಃ ಪರೀಕ್ಷಿಸಿರುತ್ತಾರೆ.’

ಇದು ಮೇಲಿನ ಕಚೇರಿಗೆ ಹೋದಾಗ ಅಲ್ಲಿಯವರು ಇನ್ನೂ ಆಳವಾಗಿ ಯೋಚಿಸಿದರು. ಪದಾರ್ಥಗಳ ಬಳಕೆ ಕಡಿಮೆಯಾದಷ್ಟೂ ಸರಳವೆಂದ ಮೇಲೆ, ಆಸ್ಪರಾಗಸ್ಸೂ ಒಂದು ಪದಾರ್ಥವೇ. ಅದನ್ನೂ ಬಳಸದಿದ್ದರೆ ವಿಧಾನ ಪರಿಪೂರ್ಣವಾಗುತ್ತದೆ. ಆದ್ದರಿಂದ ಆಸ್ಪರಾಗಸ್ ತರದೆ, ಅದಕ್ಕಾಗಿ ಒಲೆ ಹಚ್ಚದೆ ಇರುವ ಪ್ರತಿಯೊಂದು ಕುಟುಂಬವೂ ಐದನೆಯ ವಿಧಾನವನ್ನು ಅನುಸರಿಸುತ್ತಿದೆ ಎಂದು ತಿಳಿಯತಕ್ಕದ್ದು. ಮೊದಲಿನ ನಾಲ್ಕನ್ನು ಹಿಂಪಡೆಯಲಾಗಿದೆ.

ಸುದ್ದಿ ಹಬ್ಬಿದ ಮೇಲೆ ಹಾನಗಲ್ಲಿನವರು ನಾವು ಇದನ್ನು ತಲೆತಲಾಂತರದಿಂದ ಮಾಡುತ್ತಿದ್ದೇವೆ ಎಂದು ಮನವಿ ಕೊಟ್ಟರು. ಶಿಗ್ಗಾಂವಿಯವರು ತಮ್ಮದು ಇನ್ನೂ ಹಳೆಯದೆಂದರು. ಸವಣೂರಿನ ಹಾಜರಾಬಿ ನನಗೆ ಫೋನು ಮಾಡಿ, ಮುಂಜಾನೆಯಿಂದ ಏನೂ ಮಾಡದೆ ಕೂತಿದ್ದೇನೆ, ಸರಿಯಾಗುತ್ತಿದೆಯೇ ಎಂದು ವಿಚಾರಿಸಿದರು. ಇನ್ನೈದು ನಿಮಿಷ ಹಾಗೇ ಇರಿ ಎಂದೆ. ನಪಾಸಾದವರು ಇಡೀ ಜಿಲ್ಲೆಗೆ ಒಬ್ಬರೇ, ಅಬಲೂರಿನ ಮಹಾಲಿಂಗಪ್ಪ. ಅವರು ಎಲ್ಲಿಂದಲೋ ನಿಜವಾದ ಆಸ್ಪರಾಗಸ್ ತರಿಸಿ, ಬೆಳ್ಳುಳ್ಳಿ ಹಾಕಿ, ತುಪ್ಪದಲ್ಲಿ ಹುರಿದಿದ್ದರು. ರುಚಿಯಾಗಿತ್ತಂತೆ. ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ.

ಫಕ್ಕೀರವ್ವನ ಪರವಾನಗಿ ಮುಂದುವರಿದಿದೆ. ಒಂದೇ ಷರತ್ತು: ಪ್ರತಿ ಗಿರಾಕಿಗೂ ದಿನಾಲೂ ಆಸ್ಪರಾಗಸ್ ಬಡಿಸತಕ್ಕದ್ದು. ಹಾಗಾಗಿ ಹಸಿ ತಪ್ಪಲಿನ ಪಕ್ಕದಲ್ಲಿ ಅವಳು ಒಂದು ಖಾಲಿ ಬಟ್ಟಲು ಇಡುತ್ತಾಳೆ, ತೊಳೆದು, ಒರೆಸಿ. ನಾನು ದಿನಾಲೂ ಎರಡು ಸಲ ಹಾಕಿಸಿಕೊಳ್ಳುತ್ತೇನೆ, ಈ ವಯಸ್ಸಿಗೆ ಹಗುರವಾದದ್ದೇ ಒಳ್ಳೆಯದು. ಮೊನ್ನೆ ಬಸವೇಶ ಅವರು ವಾರ್ಷಿಕ ಪರಿಶೀಲನೆಗೆ ಬಂದಿದ್ದರು. ಬಟ್ಟಲನ್ನು ಮುಂದಕ್ಕೆ ಎಳೆದುಕೊಂಡು ರೊಟ್ಟಿಯ ತುಂಡಿನಿಂದ ಒಂದು ಸುತ್ತು ಸವರಿದರು, ಬಾಯಿಗೆ ಹಾಕಿಕೊಂಡರು, ನಿಧಾನವಾಗಿ ಅಗಿದರು.

“ಇವತ್ತ ಒಂಚೂರು ಉಪ್ಪ ಕಡಿಮಿ ಆಗೇತಿ” ಎಂದರು.

“ನಾಳೆ ಸರಿ ಮಾಡ್ತೇನ್ರಿ” ಎಂದಳು ಫಕ್ಕೀರವ್ವ.